ಕತ್ತರಿಗೆಂದು ಇಟ್ಟ ಕಾಲು ಭಾಗ

ಆ ಊರಿನ ಪುರಸಭೆಯಲ್ಲಿ ಬಜೆಟ್ ತಯಾರಾಗುತ್ತಿದ್ದ ರೀತಿಗೆ ಯಾವ ಕಾನೂನಿನ ಆಧಾರವೂ ಇರಲಿಲ್ಲ. ಆದರೂ ಕಾನೂನಿಗಿಂತ ಹೆಚ್ಚು ನಿಷ್ಠೆಯಿಂದ ಎಲ್ಲರೂ ಅದನ್ನು ಪಾಲಿಸುತ್ತಿದ್ದರು. ರಸ್ತೆಯವರು, ಬೀದಿದೀಪದವರು, ಕಸದವರು, ಉದ್ಯಾನದವರು, ನೀರಿನವರು ತಮಗೆ ಮುಂದಿನ ವರ್ಷಕ್ಕೆ ಎಷ್ಟು ದುಡ್ಡು ಬೇಕೆಂದು ಹಣಕಾಸು ಸಮಿತಿಯ ಮುಂದೆ ಹೇಳಬೇಕು. ಸಮಿತಿಯ ಮುಖ್ಯಸ್ಥೆ ತುಟಿ ಓರೆ ಮಾಡಿ, ಕೇಳಿದ್ದರಲ್ಲಿ ಕಾಲು ಭಾಗ ಕತ್ತರಿಸಬೇಕು. ಕೇಳಿದವರು ಹೊಟ್ಟೆಯ ಮೇಲೆ ಹೊಡೆದರಲ್ಲಾ ಎಂಬಂತೆ ಮುಖ ಮಾಡಿಕೊಂಡು ಹೊರಗೆ ಹೋಗಿ, ಮೊಗಸಾಲೆಯಲ್ಲಿ ಟೀ ಕುಡಿದು, ನೆಮ್ಮದಿಯಾಗಿ ಕೆಲಸಕ್ಕೆ ಮರಳಬೇಕು. ಯಾಕೆಂದರೆ ಕತ್ತರಿ ಬೀಳುತ್ತದೆಂದು ಗೊತ್ತಿದ್ದೇ ಅವರು ಮೂರು ಬೇಕಾದ ಕಡೆ ನಾಲ್ಕು ಕೇಳಿರುತ್ತಿದ್ದರು. ಕತ್ತರಿಸುವವರಿಗೆ ಊರಿನ ದುಡ್ಡು ಉಳಿಸಿದ ಹೆಸರು, ಕೇಳಿದವರಿಗೆ ಬೇಕಾದಷ್ಟು ದುಡ್ಡು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ.

ಉದ್ಯಾನದ ಮೇಲ್ವಿಚಾರಕ ಪ್ರತಿ ವರ್ಷವೂ ಒಂದು ಕಾರಂಜಿ ಕೇಳುತ್ತಿದ್ದ. ಅವನಿಗೆ ಕಾರಂಜಿ ಬೇಕಿರಲಿಲ್ಲ. ಕತ್ತರಿಯ ಬಾಯಿಗೆ ಏನಾದರೂ ಹಾಕಬೇಕಲ್ಲ, ಅದಕ್ಕೆಂದೇ ಸಾಕಿಕೊಂಡಿದ್ದ ಕಾರಂಜಿ ಅದು. ಒಂದು ವರ್ಷ ಊಟದ ಹೊತ್ತು ಮೀರಿತೆಂಬ ಅವಸರದಲ್ಲಿ ಸಮಿತಿ ಅದನ್ನು ಕತ್ತರಿಸುವುದನ್ನೇ ಮರೆತುಬಿಟ್ಟಿತು. ಮೇಲ್ವಿಚಾರಕ ಬಿಳಿಚಿಕೊಂಡು ಹಿರಿಯ ಗುಮಾಸ್ತರ ಹತ್ತಿರ ಓಡಿಬಂದು, “ಸಾರ್, ಮಂಜೂರಾಗಿಬಿಟ್ಟಿದೆ, ಈಗ ಎಲ್ಲಿ ಅಂತ ಕಟ್ಟಿಸ್ಲಿ?” ಅಂದ. ಕಾರಂಜಿ ಈಗಲೂ ಪುರಸಭೆಯ ಹಿತ್ತಲಲ್ಲಿದೆ. ಸೈಕಲ್ ಒರಗಿಸಲು ಅನುಕೂಲವಾಗಿದೆ.

ಸಮಿತಿಯ ಮುಖ್ಯಸ್ಥೆ ಕಸುಬಿನಿಂದ ದರ್ಜಿ. ಪೇಟೆಬೀದಿಯಲ್ಲಿ ಎರಡು ಹೊಲಿಗೆ ಮೆಷಿನ್ನಿನ ಅಂಗಡಿ. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಪರದೆ, ಬಸ್ಸಿನವರ ಖಾಕಿ ಅಂಗಿ ಎಲ್ಲ ಅವಳ ಕೈಯಿಂದಲೇ ಹೊಲಿಗೆಯಾಗಿ ಹೋಗುತ್ತಿದ್ದವು. ಊರು ಅವಳನ್ನು ಕತ್ತರಿಯಮ್ಮ ಎಂದು ಕರೆದದ್ದು ಮೊದಲು ಕಸುಬಿಗೆ, ಆಮೇಲೆ ಬಜೆಟ್ಟಿಗೆ. ಮೂರು ಚುನಾವಣೆ ಗೆದ್ದಿದ್ದಳು, ಮೂರನ್ನೂ ಒಂದೇ ಮಾತಿನ ಮೇಲೆ: ಮನೆ ಕಂದಾಯ ಒಂದು ಬಿಡಿಕಾಸೂ ಏರುವುದಿಲ್ಲ.

ಆ ಮಾತನ್ನು ಮನೆಮನೆಗೆ ಹೊತ್ತು ತಿರುಗಿದವಳು ಅವಳ ಅಕ್ಕ. ಅಕ್ಕ ಬಸ್ ಕಂಡಕ್ಟರಾಗಿ ನಿವೃತ್ತಳಾದವಳು. ಬಸ್ಸಿನ ಹಿಂಬಾಗಿಲಲ್ಲಿ ನಿಂತು ಮುಂಬಾಗಿಲಿನವನ ಚಿಲ್ಲರೆ ಕೇಳುತ್ತಿದ್ದ ಗಂಟಲು ಅದು. ಅಂಥ ಗಂಟಲು ಓಟು ಕೇಳಿದರೆ ಕೊಡದೆ ಬಾಗಿಲು ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ಆದರೆ ಅಕ್ಕ ತಂಗಿಗಾಗಿ ಮಾತ್ರ ಬೀದಿ ಅಲೆದಿರಲಿಲ್ಲ. ಆ ಊರಿನಲ್ಲಿ ಕಂದಾಯ ಹಾಕುತ್ತಿದ್ದುದು ಮನೆ ಎಷ್ಟು ದೊಡ್ಡದೆಂದು ನೋಡಿ ಅಲ್ಲ. ರಸ್ತೆಗೆ ಮುಖ ಮಾಡಿದ ಗೋಡೆ ಎಷ್ಟು ಉದ್ದವಿದೆ ಎಂದು ಅಳೆದು. ಅಕ್ಕನದು ಮೂಲೆಮನೆ. ಒಳಗೆ ಎದುರುಬದುರು ಬಂದವರು ಪಕ್ಕಕ್ಕೆ ತಿರುಗಿ ದಾರಿ ಬಿಡಬೇಕು, ಅಷ್ಟು ಇಕ್ಕಟ್ಟು; ಹೊರಗೆ ಮಾತ್ರ ಎರಡು ಬೀದಿಗೂ ಗೋಡೆ. ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ, ಊರಿನ ಅಕ್ಕಿ ಗಿರಣಿಯವನಿಗೂ ಅವಳಿಗೂ ಕಂದಾಯ ಹೆಚ್ಚುಕಡಿಮೆ ಒಂದೇ. ನಿವೃತ್ತಿ ವೇತನದಲ್ಲಿ ಕಂದಾಯ ಕಟ್ಟಿ, ಔಷಧಿ ತಂದು, ಉಳಿದದ್ದರಲ್ಲಿ ತಿಂಗಳು ತಳ್ಳುತ್ತಿದ್ದಳು. ಇನ್ನು ಸ್ವಲ್ಪ ಏರಿದರೂ ಮಹಡಿಯನ್ನು ಬಾಡಿಗೆಗೆ ಕೊಡದೆ ಬೇರೆ ದಾರಿ ಇರಲಿಲ್ಲ. ಅದೊಂದು ಅವಳಿಗೆ ಬೇಡವಾಗಿತ್ತು.

“ಜೀವಮಾನ ಪೂರ್ತಿ ಊರವರ ಮೊಣಕೈ ತಿವಿಸ್ಕೊಂಡು ನಿಂತೇ ದುಡಿದಿದ್ದೀನಿ ಕಣೇ” ಅನ್ನುತ್ತಿದ್ದಳು ತಂಗಿಗೆ. “ಇನ್ನು ನನ್ನ ಮೆಟ್ಟಿಲ ಮೇಲೆ ನನ್ನ ಚಪ್ಪಲಿ ಸದ್ದು ಬಿಟ್ಟು ಇನ್ನೊಬ್ಬರದ್ದು ಕೇಳಬಾರದು. ಅಷ್ಟು ಮಾಡು ನೀನು, ಸಾಕು.”

ತಂಗಿ ಅಷ್ಟನ್ನು ಮಾಡಿಕೊಂಡು ಬಂದಿದ್ದಳು, ನೀರಿನ ಎಂಜಿನಿಯರ್ ಬರುವ ತನಕ.

ಹಳೆಯ ಎಂಜಿನಿಯರ್ ನಿವೃತ್ತನಾಗಿ ಬೇರೆ ಊರಿನಿಂದ ಹೊಸಬ ಬಂದಿದ್ದ. ತೆಳ್ಳಗೆ, ಕನ್ನಡಕ, ಮಾತು ಕಡಿಮೆ. ಬಜೆಟ್ಟಿನ ಮುಂಚಿನ ಸಭೆಗೆ ಉಳಿದವರೆಲ್ಲ ದಪ್ಪ ಕಡತ ಹೊತ್ತು ಬಂದರೆ ಅವನು ಒಂದು ಹಾಳೆ ತಂದಿದ್ದ. ಕತ್ತರಿಯಮ್ಮ ಓದಿ, ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

“ಇಷ್ಟೇನಾ?”

“ಇಷ್ಟೇ ಮೇಡಂ.”

“ಕಾಲು ಭಾಗ ಕಡಿಮೆ ಮಾಡಿದೀನಿ.”

ಅವನು ಹೊಟ್ಟೆಗೆ ಹೊಡೆದ ಮುಖ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಯಾವ ಕಾಲು ಭಾಗ ಮೇಡಂ?” ಎಂದು ಕೇಳಿದ.

ಸಮಿತಿಯವರು ನಕ್ಕರು. ಅವಳೂ ನಕ್ಕಳು. “ಅದನ್ನ ನೀವೇ ನೋಡ್ಕೊಳ್ಳಿ ಎಂಜಿನಿಯರ್ರೇ. ಮನೆ ನಡೆಸೋರಿಗೆ ಯಾವ ಖರ್ಚು ಬಿಡಬೇಕು ಅಂತ ಹೇಳಿಕೊಡಬೇಕಾ?”

“ಸರಿ” ಅಂದ. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಹೋದ. ಮೊಗಸಾಲೆಯಲ್ಲಿ ಟೀಗೂ ನಿಲ್ಲಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹಿರಿಯ ಗುಮಾಸ್ತರು ಮಾತ್ರ ಪೆನ್ನಿನ ಮುಚ್ಚಳ ಕಚ್ಚುತ್ತಾ, “ಅಮ್ಮಾ, ಇವರಿಗೆ ಯಾರಾದ್ರೂ ಪದ್ಧತಿ ಹೇಳಿದಾರೋ ಇಲ್ವೋ” ಎಂದರು. ಅಷ್ಟರಲ್ಲಿ ಬೀದಿದೀಪದವನು ತನ್ನ ಕಡತ ಬಿಚ್ಚಿಯಾಗಿತ್ತು. ಆ ಮಾತು ಅಲ್ಲೇ ಬಿತ್ತು.

ವಾರ ಕಳೆಯುವುದರೊಳಗೆ ಊರಿನ ಪ್ರತಿ ಬೀದಿಯ ನಲ್ಲಿಯ ಮೇಲೂ ಒಂದೊಂದು ಚೀಟಿ ಅಂಟಿತ್ತು. ಬರುವ ಬಜೆಟ್ ವರ್ಷದಿಂದ ಪ್ರತಿ ನಾಲ್ಕನೆಯ ದಿನ ನೀರು ಇರುವುದಿಲ್ಲ, ನಿಮ್ಮ ಬೀದಿಯ ಸರದಿ ಇಂಥ ದಿನ, ಅಡಚಣೆಗೆ ವಿಷಾದಿಸುತ್ತೇವೆ. ಕೆಳಗೆ ಎಂಜಿನಿಯರನ ಸಹಿ. ನೀರಿನ ವೇಳೆ ಬದಲಾದರೆ ಜನರಿಗೆ ಮುಂಚೆಯೇ ತಿಳಿಸಬೇಕೆಂದು ನಿಯಮವಿತ್ತು. ಆ ನಿಯಮವನ್ನು ಅಲ್ಲಿಯವರೆಗೆ ಯಾರೂ ಓದಿರಲಿಲ್ಲ, ಇವನು ಓದಿದ್ದ.

ಊರಿಗೆ ಬೆಂಕಿ ಬಿದ್ದಂತಾಯಿತು. ಬೆಳಗ್ಗೆ ಅಂಗಡಿಯ ಬಾಗಿಲು ಎತ್ತುವಾಗಲೇ ಕತ್ತರಿಯಮ್ಮನ ಮುಂದೆ ಜನ. ಅಳತೆ ಕೊಡಲು ಬಂದವರು ಯಾರೂ ಅಲ್ಲ.

“ಕತ್ತರಿಯಮ್ಮಾ, ಬಟ್ಟೆ ಕತ್ತರಿಸೋದು ಸರಿ, ನೀರನ್ನ ಹೆಂಗೆ ಕತ್ತರಿಸಿದ್ರಿ?” ಎಂದ ಕ್ಷೌರದಂಗಡಿಯವನು. “ನಾಲ್ಕನೇ ದಿನ ನನ್ನ ಗಿರಾಕಿ ಅರ್ಧ ಗಡ್ಡದಲ್ಲಿ ಎದ್ದು ಹೋಗಬೇಕಾ?”

“ಗಡ್ಡದ್ದು ಹಂಗಿರಲಿ, ನಮ್ಮನೇಲಿ ಹಸುಗೂಸಿದೆ” ಎಂದಳು ಒಬ್ಬ ಹೆಂಗಸು. “ಅದಕ್ಕೆ ಸರದಿ ಚೀಟಿ ಓದಿ ಹೇಳಿದೀನಿ. ಕೇಳ್ತಿಲ್ಲ.”

ಅವರನ್ನೆಲ್ಲ ಸಾಗಹಾಕುವಷ್ಟರಲ್ಲಿ ಅಕ್ಕ ಬಂದಳು. ಅಕ್ಕ ಬಂದರೆ ಅಂಗಡಿಯಲ್ಲಿ ಬೇರೆಯವರಿಗೆ ಜಾಗವಿರುತ್ತಿರಲಿಲ್ಲ. ಮೈ ದೊಡ್ಡದೆಂದಲ್ಲ, ಸದ್ದು.

“ಏನೇ ಇದು? ನಮ್ಮ ಬೀದಿಗೆ ನಾಳೆ ಅಲ್ಲ ನಾಳಿದ್ದು ಅಂತೆ ಸರದಿ.”

“ಇನ್ನೂ ಆಗಿಲ್ಲ ಅಕ್ಕ. ಬಜೆಟ್ ಪಾಸಾದ ಮೇಲೆ ಅದು. ನೀನು ಚೀಟಿ ಸರಿಯಾಗಿ ಓದಿಲ್ಲ.”

“ಓದೋದಕ್ಕೆ ಬಿಟ್ಟರಲ್ವಾ? ಬೀದಿಯೋರೆಲ್ಲ ನನ್ನ ಸುತ್ತ ನಿಂತಿದಾರೆ, ನಿನ್ನ ತಂಗಿ ಏನು ಮಾಡಿದ್ಲು ನೋಡು ಅಂತ.” ಕುರ್ಚಿ ಎಳೆದು ಕೂತಳು. “ನೀರು ಬಿಡಿಸು.”

“ಬಿಡಿಸ್ಬೇಕು ಅಂದ್ರೆ ದುಡ್ಡು ಬೇಕು. ದುಡ್ಡು ಬೇಕು ಅಂದ್ರೆ...”

“ಅದನ್ನ ನನ್ನ ಮುಂದೆ ಹೇಳಬೇಡ.” ಅಕ್ಕನ ದನಿ ಮೊದಲ ಬಾರಿಗೆ ಇಳಿಯಿತು. “ಮೊಣಕಾಲು ನೋವಿಟ್ಟುಕೊಂಡು ಮೂರು ಸಲ ಈ ಊರಿನ ಮೆಟ್ಟಿಲೆಲ್ಲ ಹತ್ತಿದೀನಿ ನಿನಗೋಸ್ಕರ. ಕಂದಾಯ ಏರಲ್ಲ ಅಂತ ನನ್ನ ಬಾಯಲ್ಲಿ ಹೇಳಿಸಿದೀಯ. ಈಗ ನನ್ನ ಮೆಟ್ಟಿಲನ್ನ ಯಾವನಿಗೋ ಬಾಡಿಗೆ ಕೊಡಿಸ್ತೀಯಾ?”

ನೀರು ಬಂದರೆ ಅಕ್ಕನ ಮಹಡಿ ಹೋಗುತ್ತದೆ; ಮಹಡಿ ಉಳಿದರೆ ಊರಿನ ನಲ್ಲಿ ಒಣಗುತ್ತದೆ. ಅತ್ತ ದರಿ, ಇತ್ತ ಪುಲಿ.

“ನೋಡ್ತೀನಿ ಅಕ್ಕ” ಎಂದಳು.

“ನೋಡು. ನೀನು ನೋಡ್ತೀಯ ಅಂತಾನೇ ನಾನು ಓಟು ಹಾಕಿಸಿದ್ದು.”

ಮಧ್ಯಾಹ್ನ ಕತ್ತರಿಯಮ್ಮ ಪಂಪ್‌ಹೌಸಿಗೆ ಹೋದಳು. ಊರಿನಾಚೆಯ ಕೆರೆಯ ದಂಡೆಯಲ್ಲಿ ತಗಡಿನ ಛಾವಣಿಯ ಕಟ್ಟಡ. ಒಳಗೆ ಎರಡು ಪಂಪು, ಒಂದು ಓಡುತ್ತಿತ್ತು. ಓಡುತ್ತಿದ್ದುದರ ಸದ್ದಿಗೆ ಮೇಜಿನ ಮೇಲಿನ ಲೋಟ ನಡೆದು ಅಂಚಿಗೆ ಬರುತ್ತಿತ್ತು, ಎಂಜಿನಿಯರ್ ನೋಡದೆಯೇ ಅದನ್ನು ಮತ್ತೆ ನಡುವಿಗೆ ತಳ್ಳುತ್ತಿದ್ದ. ಅವನ ಜೊತೆ ಹೊರಗೆ ಬಂದು ಕೂಗದೆ ಮಾತಾಡುವಷ್ಟು ದೂರ ನಿಂತಳು.

“ನಿಮ್ಮ ಮುಂಚಿನವರಿಗೂ ಪ್ರತಿ ವರ್ಷ ಕಾಲು ಭಾಗ ಕತ್ತರಿಸ್ತಿದ್ದೆ. ಅವರು ಒಂದು ದಿನಾನೂ ನೀರು ನಿಲ್ಲಿಸಲಿಲ್ಲ.”

“ಅವರು ಎಷ್ಟು ಕೇಳ್ತಿದ್ರು ಅಂತ ಹಳೇ ಕಡತ ತೆಗೆದು ನೋಡಿದೆ ಮೇಡಂ. ಮೊದಲು ನನಗೆ ತಲೆಬುಡ ಅರ್ಥ ಆಗಲಿಲ್ಲ. ಪಂಪಿನ ಮನೆಗೆ ಕಂಬಳಿ ಕೇಳಿದಾರೆ.”

“ಹಂಗಾದ್ರೆ ಈಗ ಅರ್ಥ ಆಯ್ತಾ?”

“ಚೀಟಿ ಅಂಟಿಸಿದ ಮೇಲೆ ಗುಮಾಸ್ತರು ಬಂದು ಹೇಳಿದ್ರು.” ಅವನು ಕನ್ನಡಕ ತೆಗೆದ. ಅವನಿಗೂ ನಿದ್ದೆಯಾದಂತಿರಲಿಲ್ಲ. “ಮೊದಲೇ ಹೇಳಿದ್ರೆ ನಾನೂ ಒಂದು ಕಂಬಳಿ ಸೇರಿಸ್ತಿದ್ದೆ ಮೇಡಂ. ನಾನೇನು ಹರಿಶ್ಚಂದ್ರ ಅಲ್ಲ. ನಾನು ಮುಂಚೆ ಇದ್ದ ಕಡೆ ಕೇಳಿದಷ್ಟು ಕೊಡ್ತಿದ್ರು, ಇಲ್ಲಾ ಕೊಡಲ್ಲ ಅಂತಿದ್ರು. ಈ ಆಟ ಇರಲಿಲ್ಲ.”

ಕತ್ತರಿಯಮ್ಮನಿಗೆ ನಗು ಬಂತು, ಸಿಟ್ಟೂ ಬಂತು. “ಸರಿ, ಈಗ ಚೀಟಿ ಕಿತ್ತುಬಿಡಿ. ಹಿಂದಿನವರ ಹಾಗೆ ಹೆಂಗೋ ಸುಧಾರಿಸಿ.”

“ಹಿಂದಿನವರು ಹೆಂಗೆ ಸುಧಾರಿಸಿದ್ರು ಅಂತ ತೋರಿಸ್ತೀನಿ ಬನ್ನಿ.”

ಒಳಗೆ ಕರೆದುಕೊಂಡು ಹೋಗಿ ನಿಂತಿದ್ದ ಎರಡನೆಯ ಪಂಪಿನ ಮುಚ್ಚಳ ಎತ್ತಿದ. ಒಳಗೆ ಏನೂ ಇರಲಿಲ್ಲ. ಮೊದಲನೆಯದು ಕೆಟ್ಟಾಗಲೆಲ್ಲ ಎರಡನೆಯದರ ಭಾಗ ಬಿಚ್ಚಿ ಹಾಕುತ್ತಾ ಬಂದಿದ್ದರು; ಈಗ ಬಿಚ್ಚಲು ಮುಚ್ಚಳವೊಂದೇ ಉಳಿದಿತ್ತು. ಹೊರಗಿನಿಂದ ನೋಡಿದರೆ ಎರಡು ಪಂಪು, ಎರಡಕ್ಕೂ ನೀಲಿ ಬಣ್ಣ ಹೊಸದಾಗಿ ಬಳಿದಿತ್ತು.

ಅವಳು ಮುಚ್ಚಳವನ್ನು ಮತ್ತೆ ಮುಚ್ಚಿದಳು. ಇದನ್ನು ಒಬ್ಬರ ತಲೆಗೆ ಕಟ್ಟುವುದು ಸುಲಭವಿರಲಿಲ್ಲ. ಹಳೆಯ ಎಂಜಿನಿಯರ್ ಮೂರಕ್ಕೆ ನಾಲ್ಕು ಕೇಳುತ್ತಿದ್ದ, ಇವಳು ಮೂರು ಕೊಡುತ್ತಿದ್ದಳು. ಆದರೆ ಪಂಪು ಹಳತಾಗುತ್ತಾ ಮೂರು ಎಂಬುದು ಮೂರೂವರೆಯಾಗಿ, ನಾಲ್ಕಾಗಿತ್ತು. ಆಟ ಹಳೆಯ ಲೆಕ್ಕದಲ್ಲೇ ನಡೆದಿತ್ತು.

ಮರುದಿನ ಎಲ್ಲ ಇಲಾಖೆಯವರನ್ನೂ ಮತ್ತೆ ಕರೆಸಿದಳು. ಬಾಗಿಲು ಹಾಕಿಸಿ, “ಈ ಸಲ ಕತ್ತರಿ ಇಲ್ಲ. ನಿಜವಾಗಿ ಎಷ್ಟು ಬೇಕೋ ಅಷ್ಟು ಹೇಳಿ” ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಹೊತ್ತು ಅದು; ಎಲ್ಲರೂ ಒಬ್ಬರ ಹೆಗಲು ಇನ್ನೊಬ್ಬರು ನೋಡುತ್ತಾ ಕೂತರು.

“ಮೊದಲು ದೀಪದವರು ಹೇಳಲಿ” ಎಂದ ರಸ್ತೆಯವನು.

“ನಾನ್ಯಾಕೆ? ನಿಮ್ಮ ಪಟ್ಟೀಲಿ ರೋಡ್ ರೋಲರ್ ಇದೆ. ಪ್ರತಿ ವರ್ಷ ಇದೆ. ಅದನ್ನ ಮೊದಲು ತೆಗೀರಿ.”

“ತೆಗೀತೀನಿ. ನೀವು ಆ ಗಡಿಯಾರದ ಗೋಪುರ ತೆಗೆದ ಮೇಲೆ.”

“ನಿಜ ಹೇಳಬೇಕು ಅಂದ್ರೆ ಮೇಡಂ” ಎಂದ ಕಸದವನು, ಹಿಂಬದಿಯಿಂದ, “ನಿಜ ಎಷ್ಟು ಅಂತ ನನಗೇ ಮರೆತುಹೋಗಿದೆ. ನನಗಿಂತ ಮುಂಚಿನವರು ಜಾಸ್ತಿ ಹಾಕಿದ್ರು, ಅವರದರ ಮೇಲೆ ನಾನು ಜಾಸ್ತಿ ಹಾಕಿದೆ. ಅಡೀಲಿ ಏನಿದೆಯೋ ಯಾರಿಗೆ ಗೊತ್ತು.”

ಕೊನೆಗೂ ರೋಲರು ಹೋಯಿತು, ಗೋಪುರ ಹೋಯಿತು. ಬರುವ ವರ್ಷಕ್ಕೆಂದು ಉದ್ಯಾನದವನು ಸಾಕುತ್ತಿದ್ದ ಬಾತುಕೋಳಿ ಕೊಳವೂ ಹೋಯಿತು. ಸಂಜೆಯ ಹೊತ್ತಿಗೆ ಹಿರಿಯ ಗುಮಾಸ್ತರು ಕೂಡಿ ಕಳೆದು ನೋಡಿದರು. ಕೊಬ್ಬು ಕರಗಿದ್ದು ನಿಜ. ಆದರೆ ಉಳಿದದ್ದು ಪಂಪಿಗೆ ಸಾಲುತ್ತಿರಲಿಲ್ಲ. ಕಸದ ಗಾಡಿಗಳೂ ಪಂಪಿನ ವಯಸ್ಸಿನವೇ ಎಂಬುದು ಆ ಕೆದಕಾಟದಲ್ಲಿ ಹೊರಬಿದ್ದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿ, ಆದರೆ ಈ ಹಾಸಿಗೆ ಮಗುವಾಗಿದ್ದಾಗ ಹೊಲಿಸಿದ್ದು, ಮಲಗಿದವನು ಬೆಳೆದಿದ್ದ.

“ಮನೆ ಕಂದಾಯ ನೂರಕ್ಕೆ ಒಂಬತ್ತು ಏರಿಸಬೇಕು ಅಮ್ಮ” ಎಂದರು ಗುಮಾಸ್ತರು. “ಎಂಟಕ್ಕೆ ಆಗಲ್ಲ. ನಾನು ಎರಡು ಸಲ ನೋಡಿದೆ.”

ಪುರಸಭೆಯ ಅಧ್ಯಕ್ಷರಿಗೆ ಹೇಳಿದಾಗ ಅವರು ಕಿಟಕಿಯ ಹೊರಗೆ ನೋಡಿದರು. ಊರಿನಲ್ಲಿ ಯಾರ ಜೊತೆಗೂ ಜಗಳವಿಲ್ಲದ ಮನುಷ್ಯ. ಅದನ್ನೇ ಬಂಡವಾಳ ಮಾಡಿಕೊಂಡು ಅಧ್ಯಕ್ಷರಾದವರು.

“ಒಂಬತ್ತು ಬೇಕು ಅಂದ್ರೆ ಹನ್ನೆರಡು ಅಂತ ಪ್ರಕಟಿಸೋಣ” ಎಂದರು. “ಆಕ್ಷೇಪಣೆ ಸಭೇಲಿ ಜನ ಕೂಗ್ತಾರೆ. ನಾವು ತಲೆ ಕೆರ್ಕೊಂಡು ಒಂಬತ್ತಕ್ಕೆ ಇಳಿಸ್ತೀವಿ. ಮೂರು ಇಳಿಸಿದ್ವಿ ಅಂತ ಅವರು ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ನಿಮಗೆ ಇದನ್ನ ನಾನು ಹೇಳಿಕೊಡಬೇಕಾ ತಾಯಿ?”

ಹೇಳಿಕೊಡಬೇಕಿರಲಿಲ್ಲ. ಕತ್ತರಿಯಮ್ಮ ಒಪ್ಪಿದಳು. ಅದರಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ. ಚೌಕಾಸಿ ಮಾಡುವ ಊರಿನಲ್ಲಿ ಒಂದೇ ಬೆಲೆ ಹೇಳುವ ಅಂಗಡಿಗೆ ನೊಣವೂ ಬರುವುದಿಲ್ಲ. ಹನ್ನೆರಡು ಎಂದು ಪ್ರಕಟವಾಯಿತು. ಅವಳು ಅಕ್ಕನ ಮನೆಗೆ ಹೋಗಲಿಲ್ಲ. ಅಕ್ಕನೂ ಬರಲಿಲ್ಲ.

ಆಕ್ಷೇಪಣೆ ಸಭೆಗೆ ಪುರಸಭೆಯ ಸಭಾಂಗಣ ಸಾಲಲಿಲ್ಲ; ಕಿಟಕಿಗಳಲ್ಲೂ ತಲೆಗಳಿದ್ದವು. ಮೇಲೆ ಅಧ್ಯಕ್ಷರು, ಪಕ್ಕದಲ್ಲಿ ಕತ್ತರಿಯಮ್ಮ, ಅತ್ತಿತ್ತ ಸದಸ್ಯರು. ಜನರ ಮಾತು ಮುಗಿದ ಮೇಲೆ ಅಲ್ಲೇ ಸದಸ್ಯರು ಕೈಯೆತ್ತಿ ತೀರ್ಮಾನ ಮಾಡಬೇಕು. ಸದಸ್ಯರು ಜನರ ಮುಖ ನೋಡಿಯೇ ಕೈ ಎತ್ತುವವರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಎಲ್ಲ ಅಂದುಕೊಂಡಂತೆಯೇ ನಡೆಯುತ್ತಿತ್ತು. ಅಕ್ಕಿ ಗಿರಣಿಯವನು ಕೂಗಾಡಿದ. ಕ್ಷೌರದಂಗಡಿಯವನು, “ನಮ್ಮ ತಲೆ ಬೋಳಿಸೋ ಕೆಲಸ ನೀವು ಶುರು ಮಾಡಿದ್ರೆ ನಾನೇನು ಮಾಡ್ಲಿ?” ಎಂದು ನಗಿಸಿದ. ಅಧ್ಯಕ್ಷರು ತಲೆ ಕೆರೆದುಕೊಳ್ಳಲು ಶುರುಮಾಡಿದ್ದರು. ಇನ್ನೇನು ಒಂಬತ್ತು ಎಂದು ಬಾಯಿಬಿಡಬೇಕು, ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಅಕ್ಕ ಎದ್ದು ನಿಂತಳು. ಧ್ವನಿವರ್ಧಕ ಕೊಡಲು ಬಂದವನನ್ನು ಕೈಯಿಂದಲೇ ಆಚೆ ಸರಿಸಿದಳು. ಅವಳಿಗೆ ಅದು ಯಾವತ್ತೂ ಬೇಕಾಗಿರಲಿಲ್ಲ.

“ನನ್ನದು ಒಂದೇ ಪ್ರಶ್ನೆ” ಎಂದಳು, ತಂಗಿಯನ್ನೇ ನೋಡುತ್ತಾ. “ಈ ಹನ್ನೆರಡರಲ್ಲಿ ನಾವು ಕತ್ತರಿಸಲಿ ಅಂತ ಇಟ್ಟಿರೋದು ಎಷ್ಟು?”

ಅಧ್ಯಕ್ಷರ ಕಾಲು ಮೇಜಿನ ಕೆಳಗೆ ಕತ್ತರಿಯಮ್ಮನ ಕಾಲನ್ನು ತಟ್ಟಿತು. ಅವಳಿಗೆ ಹತ್ತು ಉತ್ತರ ಗೊತ್ತಿದ್ದವು. ಪರಿಶೀಲಿಸುತ್ತೇವೆ ಎನ್ನಬಹುದಿತ್ತು, ಅಂಥದ್ದೇನೂ ಇಲ್ಲ ಎನ್ನಬಹುದಿತ್ತು. ಆದರೆ ಕೇಳಿದವಳು ಇವಳು ಮಗುವಾಗಿದ್ದಾಗ ಜಡೆ ಹಾಕಿದವಳು. ಇವಳು ಸುಳ್ಳು ಹೇಳುವಾಗ ಕಿವಿ ಕೆಂಪಾಗುವುದನ್ನು ಬಲ್ಲವಳು. ಮೂರು ಚುನಾವಣೆಯಲ್ಲಿ ತನ್ನ ಬಾಯಿಂದ ಹೋದ ಮಾತಿಗೆ ಲೆಕ್ಕ ಕೇಳುತ್ತಿದ್ದಳು.

“ಮೂರು” ಎಂದಳು ಕತ್ತರಿಯಮ್ಮ.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಛಾವಣಿ ಹಾರುವ ಹಾಗೆ ಗದ್ದಲ. ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು.

“ನಿಜವಾಗಿ ಬೇಕಾಗಿರೋದು ಒಂಬತ್ತು” ಎಂದು ಅವಳು ಎದ್ದು ನಿಂತು ಹೇಳಿದಳು. “ನೀರಿಗೆ ಪಂಪು, ಕಸಕ್ಕೆ ಗಾಡಿ. ಮೂರು ಸುಮ್ಮನೆ ಸೇರಿಸಿದ್ದು. ನೀವು ಕತ್ತರಿಸ್ತೀರಿ ಅಂತ ಸೇರಿಸಿದ್ವಿ. ಈಗ ಒಂಬತ್ತೇ.”

ನಿಜ ಹೇಳಿದರೆ ಗೆಲ್ಲಬಹುದೆಂದು ಅವಳೇನೂ ಲೆಕ್ಕ ಹಾಕಿರಲಿಲ್ಲ, ಹಾಕಿದ್ದರೂ ತಪ್ಪುತ್ತಿತ್ತು. ಯಾಕೆಂದರೆ ಊರಿನ ಜನ ಅದೇ ಊರಿನವರು.

“ಮೂರು ಒಪ್ಕೊಂಡೋರ ಹತ್ರ ಇನ್ನೂ ಮೂರು ಇರುತ್ತೆ!” ಎಂದ ಅಕ್ಕಿ ಗಿರಣಿಯವನು. “ಕತ್ತರಿಸಿ, ಕತ್ತರಿಸಿ!”

“ಒಂಬತ್ತರಲ್ಲಿ ಕಾಲು ಭಾಗ ಕಳೆದ್ರೆ ಆರೂ ಮುಕ್ಕಾಲು!” ಎಂದು ಕಿಟಕಿಯಲ್ಲಿದ್ದ ಮೇಷ್ಟರು ಒಬ್ಬರು ಕೂಗಿದರು. ಆರೂ ಮುಕ್ಕಾಲು, ಆರೂ ಮುಕ್ಕಾಲು ಎಂದು ಅದೇ ಒಂದು ಕೂಗಾಯಿತು. ಜನಕ್ಕೆ ಸಿಟ್ಟು ಹೋಗಿ ಹುರುಪು ಬಂದಿತ್ತು. ಸಂತೆಯಲ್ಲಿ ವ್ಯಾಪಾರಿ ಒಂದು ಮೆಟ್ಟಿಲು ಇಳಿದರೆ ಬರುತ್ತದಲ್ಲ, ಆ ಹುರುಪು. ಸದಸ್ಯರಲ್ಲಿ ಇಬ್ಬರು ಆಗಲೇ ತಲೆಯಾಡಿಸುತ್ತಿದ್ದರು. ಗೋಡೆಗೆ ಒರಗಿ ನಿಂತಿದ್ದ ನೀರಿನ ಎಂಜಿನಿಯರ್ ಜೇಬಿನಿಂದ ಹಾಳೆ ತೆಗೆದು ಏನೋ ಗೀಚತೊಡಗಿದ. ಆರೂ ಮುಕ್ಕಾಲಿಗೆ ಎಷ್ಟನೆಯ ದಿನ ನೀರು ನಿಲ್ಲಿಸಬೇಕೆಂದು ಇರಬೇಕು.

“ಒಂಬತ್ತಕ್ಕಿಂತ ಇಳಿಯೋದಕ್ಕೆ ಆಗಲ್ಲ” ಎಂದು ಕತ್ತರಿಯಮ್ಮ ಮತ್ತೆ ಹೇಳಿದಳು. ಯಾರೂ ಕೇಳಲಿಲ್ಲ. ಇಷ್ಟು ವರ್ಷ ಅವಳೇ ಕಾಲು ಭಾಗ ಕತ್ತರಿಸಿ ಕತ್ತರಿಸಿ, ಯಾವ ಅಂಕಿಯೂ ನಿಜವಲ್ಲವೆಂದು ಊರಿಗೆ ಕಲಿಸಿದ್ದಳು. ಊರು ಚೆನ್ನಾಗಿ ಕಲಿತಿತ್ತು.

ಅಕ್ಕ ಇನ್ನೂ ನಿಂತೇ ಇದ್ದಳು.

“ಏಯ್, ಸುಮ್ನಿರ್ರೀ ಎಲ್ಲಾ!” ಎಂದಳು. ಐವತ್ತು ಜನರ ಬಸ್ಸಿಗೆ ಹೇಳುತ್ತಿದ್ದ ಮಾತು ಇನ್ನೂರು ಜನರಿಗೂ ನಾಟಿತು. ತಂಗಿಯ ಕಡೆ ತಿರುಗಿದಳು. “ಒಂಬತ್ತೇನಾ?”

“ಒಂಬತ್ತೇ ಅಕ್ಕ.”

“ಅದರಲ್ಲಿ ಇನ್ನೇನೂ ಇಲ್ವಾ?”

“ಇಲ್ಲ. ಇದ್ದಿದ್ರೆ ನಿನಗೋಸ್ಕರನಾದ್ರೂ ಬಿಡ್ತಿದ್ದೆ.”

ಅಕ್ಕ ಅವಳನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ಅಧ್ಯಕ್ಷರು ಕಣ್ಣು ತೆರೆದರು. ಆ ಸಭೆಯಲ್ಲಿ ರಸ್ತೆಗೆ ಅತಿ ಉದ್ದದ ಗೋಡೆಯಿದ್ದದ್ದು ಯಾರಿಗೆ, ವರಮಾನ ಅತಿ ಕಡಿಮೆಯಿದ್ದದ್ದು ಯಾರಿಗೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ಆರೂ ಮುಕ್ಕಾಲು ಎಂದಿದ್ದರೆ ಆರೂ ಮುಕ್ಕಾಲೇ ಆಗುತ್ತಿತ್ತು.

“ಒಂಬತ್ತೇ ಅಂತೆ” ಎಂದಳು ಸಭೆಗೆ. “ನನ್ನ ಗೋಡೆ ನಿಮ್ಮೆಲ್ಲರ ಗೋಡೆಗಿಂತ ಉದ್ದ. ನಾನು ಕಟ್ತೀನಿ ಅಂದ್ಮೇಲೆ ನಿಮ್ಮದೇನ್ರೀ ಗಲಾಟೆ? ನಾಲ್ಕನೇ ದಿನ ನೀರಿಲ್ಲದೆ ಯಾರ ಮನೆಗೆ ಹೋಗ್ತೀರಿ ಕೊಡ ತಗೊಂಡು?” ಬಾಗಿಲ ಕಡೆ ತಿರುಗಿದಳು. “ಜಾಗ ಬಿಡ್ರೀ. ಮುಂದೆ ಹೋಗಿ, ಮುಂದೆ ಹೋಗಿ.”

ಜನ ಜಾಗ ಬಿಟ್ಟರು. ಅವಳು ಹೋದ ಮೇಲೆ ಕೂಗು ಮತ್ತೆ ಎದ್ದಿತು, ಆದರೆ ಅದರಲ್ಲಿ ಮೊದಲಿನ ಹುರುಪು ಇರಲಿಲ್ಲ. ಸದಸ್ಯರು ಕೈ ಎತ್ತಿದರು. ಒಂಬತ್ತು ಒಂದೇ ಒಂದು ಕೈ ಹೆಚ್ಚಾಗಿ ಪಾಸಾಯಿತು. ಆ ಒಂದು ಕೈ ಅಧ್ಯಕ್ಷರದ್ದೆಂದು ಕೆಲವರು, ಅಲ್ಲವೆಂದು ಅಧ್ಯಕ್ಷರು.

ಚೀಟಿಗಳನ್ನು ನಲ್ಲಿಗಳಿಂದ ಕಿತ್ತರು. ಕೆಲವು ಕಡೆ ಅಂಟು ಗಟ್ಟಿಯಾಗಿ ‘ವಿಷಾದಿಸುತ್ತೇವೆ’ ಎಂಬುದಷ್ಟೇ ಉಳಿಯಿತು.

ಮುಂದಿನ ವರ್ಷದ ಬಜೆಟ್ಟಿಗೆ ಇಲಾಖೆಯವರು ನಿಜವನ್ನೇ ಕೇಳಿದರೆಂದು ಹೇಳಿದರೆ ಸುಳ್ಳಾದೀತು. ರಸ್ತೆಯವನು ರೋಲರಿನ ಬದಲು ಸೇತುವೆಯೊಂದನ್ನು ಕೇಳಿದ, ಊರಿನಲ್ಲಿ ಹೊಳೆಯಿರಲಿಲ್ಲ. ನೀರಿನ ಎಂಜಿನಿಯರನೂ ಎರಡು ಕಂಬಳಿ ಸೇರಿಸಿದ್ದ ಎಂದು ಗುಮಾಸ್ತರು ಹೇಳಿದರು. ಕತ್ತರಿಸಬೇಕಾದ ಜಾಗದಲ್ಲಿ ಆಗ ಕತ್ತರಿಯಮ್ಮ ಕೂತಿರಲಿಲ್ಲ. ಕಂದಾಯ ಏರಿಸಿದವಳಿಗೆ ಆ ಕುರ್ಚಿ ಬೇಡವೆಂದು ಸದಸ್ಯರು ತೀರ್ಮಾನಿಸಿದ್ದರು. ಅವಳು ವಾದ ಮಾಡಲಿಲ್ಲ. ಶಾಲೆ ತೆರೆಯುವ ಕಾಲ, ಅಂಗಡಿಯಲ್ಲಿ ಸಮವಸ್ತ್ರದ ರಾಶಿ ಬಿದ್ದಿತ್ತು.

ಆದರೆ ಅದೆಲ್ಲ ಆಮೇಲಿನದು. ಕಂದಾಯ ಏರಿದ ತಿಂಗಳೇ ಅಕ್ಕ ಹೇಳಿಕಳುಹಿಸಿದ ಮಾತು ಬಂತು: ಮಹಡಿ ಖಾಲಿ ಮಾಡಬೇಕು, ಕಬ್ಬಿಣದ ಬೀರು ಒಬ್ಬಳಿಂದ ಇಳಿಯುವುದಿಲ್ಲ. ಸಭೆಯ ದಿನದಿಂದ ಅಕ್ಕತಂಗಿಯರು ಮಾತಾಡಿರಲಿಲ್ಲ. ಕತ್ತರಿಯಮ್ಮ ಅಂಗಡಿಗೆ ಬೀಗ ಹಾಕಿ ಹೋದಳು.

ಬೀರುವನ್ನು ಅಡ್ಡ ಮಲಗಿಸಿ, ಕೆಳಗಡೆ ತಂಗಿ, ಮೇಲೆ ಅಕ್ಕ. ಮೆಟ್ಟಿಲು ಇಕ್ಕಟ್ಟು; ತಿರುವಿನಲ್ಲಿ ಬೀರು ಗೋಡೆಗೂ ಕಂಬಿಗೂ ಸಿಕ್ಕಿಕೊಂಡಿತು. ಕೆಲಸದ ಮಾತು ಬಿಟ್ಟು ಅಕ್ಕ ಬೇರೊಂದೂ ಆಡಲಿಲ್ಲ.

“ಎಡಕ್ಕೆ.”

“ಎಡಕ್ಕೆ ಗೋಡೆ ಇದೆ ಅಕ್ಕ.”

“ನಿನ್ನ ಎಡ ಅಲ್ಲ, ನನ್ನ ಎಡ. ನಿನಗೆ ಬಲ, ಬಲ. ರೈಟ್, ರೈಟ್... ಹೋಲ್ಡಾನ್!”

ಬೀರು ಬಿಡಿಸಿಕೊಂಡಿತು. ಅಷ್ಟರಲ್ಲಿ ಗೋಡೆಯ ಸುಣ್ಣ ಒಂದಿಷ್ಟು ಕಿತ್ತುಹೋಗಿತ್ತು. ಕೆಳಗಿಳಿಸಿ ಇಬ್ಬರೂ ಮೊದಲ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಟ್ಟರು. ಅಕ್ಕ ಮೊಣಕಾಲು ನೀವಿಕೊಂಡಳು. ತಂಗಿ ನೀವಲು ಕೈ ಚಾಚಿದಳು. ಅಕ್ಕ ಕೈಯನ್ನು ತಳ್ಳಲೂ ಇಲ್ಲ, ಮುಟ್ಟಗೊಡಲೂ ಇಲ್ಲ, ತನ್ನ ಮೊಣಕಾಲನ್ನೇ ಆಚೆ ಸರಿಸಿಕೊಂಡಳು.

“ಯಾರು ಬರೋದು?” ಎಂದು ಕೇಳಿದಳು ತಂಗಿ.

“ಆಸ್ಪತ್ರೇಲಿ ನರ್ಸು ಅಂತೆ. ಅವಳ ಗಂಡ ಅಂಚೆಯೋನು. ಇಬ್ಬರೂ ಇಡೀ ದಿನ ಮೇಲೆ ಕೆಳಗೆ ಓಡಾಡೋ ಜನ.” ಅಕ್ಕ ಮೆಟ್ಟಿಲನ್ನು ನೋಡಿದಳು, ಕೆಳಗಿನಿಂದ ಮೇಲಿನವರೆಗೆ. “ನಾಳೆ ಬರ್ತಾರೆ. ಬೆಳಗ್ಗೆ ನೀನು ಬೇಗ ಬಾ. ಮೆಟ್ಟಿಲು ತೊಳೀಬೇಕು.”

“ಬರ್ತೀನಿ ಅಕ್ಕ.”

“ನಾಳೆ ನೀರು ಬರುತ್ತೆ ತಾನೆ?”

“ಬರುತ್ತೆ.”

“ಬರದಿದ್ರೆ ಕೆರೆಯಿಂದ ನೀನೇ ಹೊರ್ತೀಯ” ಎಂದು ಅಕ್ಕ ಗೋಡೆ ಹಿಡಿದು ಎದ್ದಳು.